ವಿಚಾರ ಮಾಡೋಕೆ ಒಂದು ತಾಸು: ಗಡಿಬಿಡಿಯ ವಾರದಲ್ಲಿ ಅದನ್ನು ಉಳಿಸಿಕೊಳ್ಳುವ ಬಗೆ

ನಮ್ಮ ಕಡೆ ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಹದ ತಪ್ಪುತ್ತಿದ್ದರೂ, ಮೇಲೆ ಮೋಡ ಕಟ್ಟಿದ್ದರೂ ನಮ್ಮಜ್ಜ ಆ ದಿನ ನೊಗ ಮುಟ್ಟುತ್ತಿರಲಿಲ್ಲ. ಹಾಗಂತ ಮನೆಯಲ್ಲೂ ಕೂರುತ್ತಿರಲಿಲ್ಲ. ಹೆಗಲಿಗೆ ಟವೆಲ್ ಹಾಕಿಕೊಂಡು ಹೊಲಕ್ಕೆ ಹೋಗಿ ಬದುವಿನ ಮೇಲೆ ನಿಧಾನಕ್ಕೆ ಒಂದು ಸುತ್ತು ಹಾಕುತ್ತಿದ್ದ. ಎಲ್ಲಿ ಒಡ್ಡು ಒಡೆದಿದೆ, ಎಲ್ಲಿ ಕರಿಕೆ ಹಬ್ಬಿದೆ, ಮಂಗಳವಾರ ಯಾವ ಮೂಲೆಯಿಂದ ಕುಂಟೆ ಹೊಡೆಯಬೇಕು, ಎಲ್ಲ ಆ ಸುತ್ತಿನಲ್ಲೇ ತೀರ್ಮಾನ ಆಗುತ್ತಿತ್ತು.

ನಾನು ಹೊಲ ಬಿಟ್ಟವನು. ಧಾರವಾಡದಲ್ಲಿ ಮನೆ, ಹುಬ್ಬಳ್ಳಿ ಗೋಕುಲ ರಸ್ತೆಯ ಕಡೆ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಕೆಲಸ. ವಾಲ್ವಿನ ಬಿಡಿಭಾಗ ತಯಾರಾಗುತ್ತವೆ. ಖರೀದಿ ಮತ್ತು ಡಿಸ್ಪ್ಯಾಚ್ ನನ್ನ ಪಾಲಿನ ತಲೆನೋವು. ಬಹಳ ವರ್ಷ ನಾನು ದಿನಕ್ಕೆ ಹತ್ತು ಸಲ ಹೇಳುತ್ತಿದ್ದ ಮಾತು ಒಂದೇ: "ಪುರುಸೊತ್ತಿಲ್ರೀ." ಪುರುಸೊತ್ತು ಸಿಕ್ಕಾಗ ಕೂತು ವಿಚಾರ ಮಾಡೋಣ ಅಂದುಕೊಂಡಿದ್ದೆ. ಸಿಗಲಿಲ್ಲ. ಅಜ್ಜನಿಗೂ ಪುರುಸೊತ್ತು ಇರಲಿಲ್ಲ ಅನ್ನೋದು ಹೊಳೆದದ್ದು ತಡವಾಗಿ. ಅವನಿಗೆ ದಿನ ಗೊತ್ತಾಗಿತ್ತು, ಅಷ್ಟೇ. ಯಾರನ್ನೂ ಕೇಳುವ ಹಾಗಿರಲಿಲ್ಲ, ಯಾರೂ ಅವನನ್ನು ಎಳೆದೊಯ್ಯುವ ಹಾಗೂ ಇರಲಿಲ್ಲ.

ಆಫೀಸು, ಅಂಗಡಿ, ಶಾಲೆ, ಕಾರ್ಖಾನೆ ಯಾವುದಾದರೂ ಸರಿ, ಅಂಥ ಒಂದು ತಾಸನ್ನು ವಾರದಲ್ಲಿ ಹೇಗೆ ಕೂಡಿಸಿಕೊಳ್ಳಬಹುದು ಅಂತ ಇಲ್ಲಿ ಹೇಳುತ್ತೇನೆ. ಧ್ಯಾನದ ವಿಷಯ ಇದಲ್ಲ. ವಿಶ್ರಾಂತಿಯದ್ದೂ ಅಲ್ಲ. ಕೆಲಸದ ಬಗ್ಗೆಯೇ, ಆದರೆ ಕೆಲಸದಿಂದ ನಾಲ್ಕು ಹೆಜ್ಜೆ ದೂರ ನಿಂತು ವಿಚಾರ ಮಾಡುವ ತಾಸು.

ಹೆಜ್ಜೆ 1: ಒಂದು ವಾರ ಬರೀ ಬರೆದಿಡಿ

ಮೊದಲ ವಾರ ಏನೂ ಬದಲಾಯಿಸಬೇಡಿ. ಜೇಬಿನಲ್ಲಿ ಹಿಡಿಯುವ ಸಣ್ಣ ನೋಟ್‌ಬುಕ್ ತಗೊಳ್ಳಿ. ಅರ್ಧ ತಾಸಿಗೊಮ್ಮೆ ಒಂದೇ ಒಂದು ಪದ ಬರೆಯಿರಿ: ಫೋನ್, ಬಿಲ್, ಸಾಹೇಬರು, ಚಹಾ, ಜಗಳ, ಹುಡುಕಾಟ. ಪ್ರತಿ ಸಲ ನೆನಪಾಗದಿದ್ದರೆ ಊಟಕ್ಕೆ ಮುಂಚೆ ಒಮ್ಮೆ, ಮನೆಗೆ ಹೊರಡುವಾಗ ಒಮ್ಮೆ ಕೂತು ತುಂಬಿ.

ವಾರಕ್ಕೆ ಆರು ದಿನ, ದಿನಕ್ಕೆ ಎಂಟು ತಾಸು ಅಂತ ಹಿಡಿದರೆ 48 ತಾಸು. ಅದರಲ್ಲಿ ನಮಗೆ ಬೇಕಾದದ್ದು ಒಂದು. ನನ್ನ ಪಟ್ಟಿಯಲ್ಲಿ "ಹುಡುಕಾಟ" ಅನ್ನುವ ಪದ ಒಂಬತ್ತು ಸಲ ಬಂದಿತ್ತು. ಡ್ರಾಯಿಂಗ್ ಹುಡುಕಾಟ, ಚಲನ್ ಹುಡುಕಾಟ, ಒಮ್ಮೆ ನನ್ನ ಕನ್ನಡಕದ ಹುಡುಕಾಟ. ಅಂದರೆ ನಾಲ್ಕೂವರೆ ತಾಸು ಸುಮ್ನೆ ಹೋಗಿತ್ತು. ಪುರುಸೊತ್ತಿಲ್ಲ ಅನ್ನುವ ಮಾತು ಅವತ್ತಿನಿಂದ ಸ್ವಲ್ಪ ಕಡಿಮೆಯಾಯಿತು, ನಾಚಿಕೆಯಿಂದ.

ಹೆಜ್ಜೆ 2: ದಿನ ಮತ್ತು ವೇಳೆ ಗೊತ್ತು ಮಾಡಿ

ಪಟ್ಟಿ ಮುಂದಿಟ್ಟುಕೊಂಡು ವಾರದಲ್ಲಿ ಯಾವಾಗ ಜನ ನಿಮ್ಮನ್ನು ಕಡಿಮೆ ಹುಡುಕುತ್ತಾರೆ ಅಂತ ನೋಡಿ. ಆ ಜಾಗಕ್ಕೆ ಗೆರೆ ಎಳೆಯಿರಿ.

ಅಜ್ಜನ ಮೇಲಿನ ಪ್ರೀತಿಗೆ ನಾನು ಮೊದಲು ಸೋಮವಾರ ಹಿಡಿದೆ. ಎರಡು ವಾರವೂ ಕೆಟ್ಟಿತು. ಭಾನುವಾರದ ಬಾಕಿಯೆಲ್ಲ ಸೋಮವಾರ ಬೆಳಿಗ್ಗೆಯೇ ಫೋನ್ ಮಾಡುತ್ತದೆ. ಶನಿವಾರ ಮಧ್ಯಾಹ್ನ ಪ್ರಯತ್ನಿಸಿದೆ, ತಲೆ ಆಗಲೇ ಮನೆ ಸೇರಿರುತ್ತಿತ್ತು. ಕೊನೆಗೆ ನಿಂತದ್ದು ಬುಧವಾರ, ಬೆಳಿಗ್ಗೆ ಎಂಟೂಕಾಲರಿಂದ ಒಂಬತ್ತೂಕಾಲು. ವಾರದ ನಡುವೆ ಆದ್ದರಿಂದ ಎರಡು ದಿನದ ಅನುಭವ ಹಿಂದೆ ಇರುತ್ತದೆ, ತೀರ್ಮಾನಿಸಿದ್ದನ್ನು ಮಾಡಿ ನೋಡೋಕೆ ಮೂರು ದಿನ ಮುಂದೆ ಇರುತ್ತದೆ.

ನಿಮ್ಮದು ಬೇರೆ ಇರಬಹುದು. ಬ್ಯಾಂಕಿನವರಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ ಇದೆ. ಆದರೆ ಆ ರಜೆಯನ್ನು ಇದಕ್ಕೆ ಬಳಸಬೇಡಿ ಅಂತಲೇ ನನ್ನ ಸಲಹೆ. ಕೆಲಸದ ವಿಚಾರ ಕೆಲಸದ ವೇಳೆಯಲ್ಲೇ ಆಗಲಿ. ನಿದ್ದೆ ಕದ್ದು, ಮಕ್ಕಳ ವೇಳೆ ಕದ್ದು ಮಾಡಿದ್ದು ಒಂದು ತಿಂಗಳಿಗಿಂತ ಜಾಸ್ತಿ ನಡೆಯುವುದಿಲ್ಲ. ಶಿಕ್ಷಕರಿಗೆ ಖಾಲಿ ಪಿರಿಯಡ್ ಇರುತ್ತದೆ, ಆದರೆ ಸ್ಟಾಫ್ ರೂಮಿನಲ್ಲಿ ಕೂತರೆ ಅದು ಹರಟೆಯ ಪಿರಿಯಡ್ ಆಗುತ್ತದೆ, ಅಲ್ವಾ? ಅಂಗಡಿಯವರಿಗೆ ಬಾಗಿಲು ತೆರೆದ ಮೊದಲ ಅರ್ಧ ತಾಸು, ಇಲ್ಲವೇ ಊಟದ ನಂತರ ಗಿರಾಕಿ ಇಲ್ಲದ ಹೊತ್ತು.

ಇನ್ನೊಂದು ಮಾತು, ಹುಬ್ಬಳ್ಳಿ-ಧಾರವಾಡದವರಿಗೆ ಮಾತ್ರ. ಮನೆಯಲ್ಲೇ ಕೂತು ಮಾಡುವವರು ನಳ ಬರುವ ದಿನವನ್ನು ಲೆಕ್ಕಕ್ಕೆ ತಗೊಳ್ಳಿ. ಕೊಡ, ಟಾಕಿ, ಬಕೆಟ್ ತುಂಬುವ ಆ ಹೊತ್ತಿನಲ್ಲಿ ಯಾವ ಯೋಜನೆಯೂ ನಿಲ್ಲುವುದಿಲ್ಲ.

ಒಂದು ತಾಸು ಜಾಸ್ತಿ ಅನ್ನಿಸಿದರೆ ಅರ್ಧ ತಾಸಿನಿಂದ ಶುರು ಮಾಡಿ. ದಿನಕ್ಕೆ ಹತ್ತು ನಿಮಿಷದಂತೆ ಹಂಚಬೇಡಿ. ಹತ್ತು ನಿಮಿಷದಲ್ಲಿ ತಲೆ ಈಗಷ್ಟೇ ಕೆಲಸದಿಂದ ಹೊರಗೆ ಬಂದಿರುತ್ತದೆ.

ಹೆಜ್ಜೆ 3: ಮಾಲಕರಿಗೆ ಹೇಳಿ, ಕದ್ದು ಮಾಡಬೇಡಿ

ಸುಮ್ಮನೆ ಕೂತ ಮನುಷ್ಯನನ್ನು ನಮ್ಮಲ್ಲಿ ಯಾರೂ ನಂಬುವುದಿಲ್ಲ. ಮೊದಲ ಸಲ ನಾನು ನನ್ನ ಟೇಬಲ್ಲಿನಲ್ಲೇ ಕಂಪ್ಯೂಟರ್ ಆರಿಸಿ, ಹಾಳೆ ಇಟ್ಟುಕೊಂಡು ಕೂತೆ. ಐದು ನಿಮಿಷಕ್ಕೆ ಸ್ಟೋರಿನ ಹುಡುಗ ಬಂದ. "ಯಾಕ್ರೀ ಸರ, ಆರಾಮ ಇಲ್ಲೇನ್ರಿ?" ಆಮೇಲೆ ಅಕೌಂಟ್ಸ್‌ನವರು ಬಂದರು. ಅವರಿಗೆ ನಾನು ಕೆಲಸ ಬಿಡುವ ವಿಚಾರದಲ್ಲಿದ್ದೇನೆ ಅನ್ನುವ ಸಂಶಯ.

ಹಾಗಾಗಿ ಮೊದಲೇ ಹೇಳುವುದು ಒಳ್ಳೆಯದು. ಆದರೆ "ನನಗೆ ವಿಚಾರ ಮಾಡೋಕೆ ಟೈಮ್ ಬೇಕು" ಅಂತ ಕೇಳಿದರೆ ಯಾವ ಮಾಲಕರಿಗೂ ಅರ್ಥವಾಗುವುದಿಲ್ಲ. ಅವಧಿ, ಮತ್ತು ಅವರ ಕೈಗೆ ಸಿಗುವ ಒಂದು ವಸ್ತು, ಎರಡನ್ನೂ ಸೇರಿಸಿ ಹೇಳಿ. ನಾನು ಹೇಳಿದ್ದು ಹೀಗೆ: "ಸರ, ಒಂದ್ ತಿಂಗಳು ಬುಧವಾರ ಒಂದ್ ತಾಸು ತಡಾ ಮಾಡಿ ಬರ್ತೀನ್ರಿ. ಆ ಒಂದ್ ತಾಸಿನ್ಯಾಗ ಏನ್ ತೀರ್ಮಾನ ಆತು ಅಂತ ಪ್ರತಿ ಬುಧವಾರ ಅರ್ಧ ಪುಟ ಬರ್ದು ಕೊಡ್ತೀನಿ. ಉಪಯೋಗ ಇಲ್ಲ ಅಂದ್ರ ಬಿಟ್ಟುಬಿಡ್ತೀನಿ." ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿ "ನೋಡೋಣ್ರಿ" ಅಂದರು. ನಮ್ಮ ಕಡೆ "ನೋಡೋಣ್ರಿ" ಅಂದರೆ ಅರ್ಧ ಒಪ್ಪಿಗೆ. ನಾನು ಪೂರ್ತಿ ಅಂತ ತಿಳಿದುಕೊಂಡೆ.

ಜೊತೆಯವರಿಗೆ ಇಷ್ಟು ಸಾಕು: "ಬುಧವಾರ ಒಂಬತ್ತೂವರೆ ತನಕ ಸಿಗಂಗಿಲ್ಲ." ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದರ ಮೇಲೆ ಚರ್ಚೆ ಶುರುವಾಗುತ್ತದೆ.

ಹೆಜ್ಜೆ 4: ಜಾಗ

ನಿಮ್ಮ ಕುರ್ಚಿ ಬೇಡ. ಆ ಕುರ್ಚಿಯಲ್ಲಿ ಕೂತರೆ ಕೈ ತಾನಾಗಿಯೇ ಬಿಲ್ಲಿನ ಕಡೆ ಹೋಗುತ್ತದೆ.

ಅವಳಿ ನಗರದವರಿಗೆ ಜಾಗದ ಕೊರತೆ ಇಲ್ಲ. ನಾನು ಧಾರವಾಡದಿಂದ, ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಬರುತ್ತೇನೆ. ಬುಧವಾರ ಉಣಕಲ್ ಕೆರೆಯ ಸ್ಟಾಪಿನಲ್ಲಿ ಇಳಿಯುತ್ತೇನೆ. ಆ ಹೊತ್ತಿಗೆ ವಾಕಿಂಗ್‌ನವರು ಮನೆಗೆ ಹೋಗಿರುತ್ತಾರೆ, ಜೋಡಿಗಳು ಇನ್ನೂ ಬಂದಿರುವುದಿಲ್ಲ. ಕಲ್ಲುಬೆಂಚು ಖಾಲಿ. ಹುಬ್ಬಳ್ಳಿಯವರಿಗೆ ತೋಳನಕೆರೆ ಇದೆ, ನೃಪತುಂಗ ಬೆಟ್ಟ ಇದೆ. ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಚಾಲುಕ್ಯರ ಕಾಲದ್ದು, ಅದರ ಕಲ್ಲಿನ ತಂಪಿನಲ್ಲಿ ಬೇಸಿಗೆಯಲ್ಲೂ ಕೂರಬಹುದು. ಧಾರವಾಡದವರಿಗಂತೂ ಕೇಳಲೇಬೇಡಿ: ಬೇಂದ್ರೆಯವರ ಮನೆಯಿದ್ದ ಸಾಧನಕೇರಿಯ ಕೆರೆ, ಕೆಲಗೇರಿ ಕೆರೆ, ಕರ್ನಾಟಕ ಕಾಲೇಜಿನ ಮರಗಳ ಸಾಲು. ಧಾರವಾಡದ ಜಿಟಿಜಿಟಿ ಮಳೆ ಹಿಡಿದುಕೊಂಡಾಗ ಮಾತ್ರ ಬಯಲು ನಡೆಯುವುದಿಲ್ಲ. ಆಗ ಲೈಬ್ರರಿ, ಇಲ್ಲವೇ ಚಿಗರಿ ಬಸ್ಸೇ. ಅದಕ್ಕೆ ಬೇರೆಯದೇ ದಾರಿ ಇರುವುದರಿಂದ ಟ್ರಾಫಿಕ್ಕಿನ ಕುಲುಕಾಟ ಕಡಿಮೆ. ಬೆಳಿಗ್ಗೆ ಒಂಬತ್ತರ ನೂಕುನುಗ್ಗಲು ಇಳಿದ ಮೇಲೆ ಕಿಟಕಿ ಪಕ್ಕ ಸೀಟು ಸಿಗುತ್ತದೆ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರು. ಒಂದು ಸಲ ಹೋಗಿ ಬಂದರೆ ಒಂದು ತಾಸಿಗೆ ಮೋಸ ಇಲ್ಲ.

ಚಹಾದಂಗಡಿ ಆರಿಸಬೇಡಿ. ಗಿರಮಿಟ್ಟು, ಮಿರ್ಚಿ ಭಜಿಯ ವಾಸನೆ ಬರುವ ಕಡೆಯಂತೂ ಬೇಡವೇ ಬೇಡ. ಪರಿಚಯದವರು ಸಿಕ್ಕೇ ಸಿಗುತ್ತಾರೆ.

ನಡೆಯಬೇಕೋ, ಕೂರಬೇಕೋ? ಇದಕ್ಕೆ ಉತ್ತರ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮೆರಿಲಿ ಒಪೆಜೊ ಮತ್ತು ಡೇನಿಯಲ್ ಶ್ವಾರ್ಟ್ಜ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ನಡೆಯುತ್ತಾ ಇದ್ದವರಿಗೆ ಕೂತವರಿಗಿಂತ ಹೊಸ ಹೊಸ ಉಪಾಯಗಳು ಜಾಸ್ತಿ ಹೊಳೆದವು. ಆದರೆ ಒಂದೇ ಸರಿಯುತ್ತರ ಇರುವ ಒಗಟು ಬಿಡಿಸುವಾಗ ನಡಿಗೆಯಿಂದ ಲಾಭ ಆಗಲಿಲ್ಲ. ನಾನು ಇದನ್ನು ಹೀಗೆ ಬಳಸುತ್ತೇನೆ: "ಇನ್ನೇನು ದಾರಿ ಇದೆ?" ಅನ್ನುವ ಪ್ರಶ್ನೆಗೆ ಕೆರೆಯ ದಂಡೆಯ ಮೇಲೆ ನಡೆಯುತ್ತೇನೆ. "ಇದರಲ್ಲಿ ಯಾವುದು?" ಅನ್ನುವುದಕ್ಕೆ, ಲೆಕ್ಕ ಹಾಕೋದಕ್ಕೆ, ಬೆಂಚಿನ ಮೇಲೆ ಕೂರುತ್ತೇನೆ. ಅಜ್ಜನೂ ಸುತ್ತು ಹಾಕಿ ಬಂದ ಮೇಲೆ ಬನ್ನಿಗಿಡದ ಕೆಳಗೆ ಸ್ವಲ್ಪ ಹೊತ್ತು ಕೂರುತ್ತಿದ್ದ.

ಹೆಜ್ಜೆ 5: ಪ್ರಶ್ನೆಯನ್ನು ಮನೆಯಿಂದಲೇ ತಗೊಂಡು ಹೋಗಿ

ಇದೊಂದು ಸರಿ ಆದರೆ ಉಳಿದದ್ದರಲ್ಲಿ ಅರ್ಧ ತಪ್ಪಿದರೂ ನಡೆಯುತ್ತದೆ. ಪ್ರಶ್ನೆ ಇಲ್ಲದೆ ಹೋಗಿ ಕೂತರೆ ತಲೆ ಮನೆ ಸಾಲ, ಮಗಳ ಫೀ, ಯಾರೋ ಅಂದ ಮಾತು ಇವುಗಳ ಸುತ್ತ ತಿರುಗುತ್ತದೆ. ಅದು ಚಿಂತೆ. ಅದಕ್ಕೆ ಕೆರೆ ತನಕ ಹೋಗಬೇಕಾಗಿಲ್ಲ, ರಾತ್ರಿ ಹಾಸಿಗೆ ಸಾಕು.

ಹಿಂದಿನ ದಿನ ಸಂಜೆಯೇ ನೋಟ್‌ಬುಕ್ಕಿನ ಖಾಲಿ ಪುಟದ ಮೇಲೆ ಒಂದು ಪ್ರಶ್ನೆ ಬರೆಯಿರಿ. ಒಂದೇ. ಅದು ಪೂರ್ತಿ ವಾಕ್ಯ ಆಗಿರಲಿ. "ಡಿಸ್ಪ್ಯಾಚ್ ಸಮಸ್ಯೆ" ಅಂತ ಬರೆದರೆ ಅದು ಪ್ರಶ್ನೆ ಅಲ್ಲ, ಫೈಲಿನ ಹೆಸರು. "ಹುಡುಗರು ಯಾಕೆ ಸರಿಯಾಗಿ ಕೆಲಸ ಮಾಡುವುದಿಲ್ಲ?" ಅನ್ನುವುದು ಬೈಗುಳ. ನಿಮ್ಮ ಕೈಯಲ್ಲಿ ಏನಾದರೂ ಬದಲಾಯಿಸಲು ಬರುವಂಥ ಪ್ರಶ್ನೆ ಬೇಕು.

ನನ್ನ ಮೊದಲ ಒಳ್ಳೆಯ ಪ್ರಶ್ನೆಯ ಕತೆ ಹೇಳುತ್ತೇನೆ. ನಮಗೆ ಕಾಸ್ಟಿಂಗ್, ಅಂದರೆ ಎರಕ ಹೊಯ್ದ ಲೋಹದ ಭಾಗಗಳು, ಬರುವುದು ಬೆಳಗಾವಿ ಕಡೆಯ ಒಂದು ಫೌಂಡ್ರಿಯಿಂದ. ತಿಂಗಳ ಕೊನೆಗೆ ನಮ್ಮ ಮಾಲು ಹೊರಗೆ ಹೋಗಬೇಕು. ಕಾಸ್ಟಿಂಗ್ ತಯಾರಾಗುತ್ತಿದ್ದದ್ದೇ 25ನೇ ತಾರೀಖಿನ ಸುಮಾರಿಗೆ. ಅವರ ಲಾರಿ ತುಂಬುವ ತನಕ ಕಾಯಲು ಆಗದೆ ನಾವೇ ಸ್ಪೆಷಲ್ ಟೆಂಪೋ ಕಳಿಸುತ್ತಿದ್ದೆವು. ಒಂದು ಸಲಕ್ಕೆ 4,500 ರೂಪಾಯಿ, ತಿಂಗಳಿಗೆ ಎರಡು ಸಲ. ಎರಡು ವರ್ಷ ಹೀಗೇ ನಡೆಯಿತು. ಕೂಡಿಸಿ ನೋಡಿ, 2,16,000 ರೂಪಾಯಿ. ನಾನು ಮಾತ್ರ ಪ್ರತಿ ತಿಂಗಳೂ ಟೆಂಪೋದವನ ಜೊತೆ ಇನ್ನೂರು ರೂಪಾಯಿ ಕಡಿಮೆ ಮಾಡು ಅಂತ ಚೌಕಾಶಿ ಮಾಡುತ್ತಾ, ನಾನು ಭಾರಿ ಉಳಿತಾಯಗಾರ ಅಂದುಕೊಂಡಿದ್ದೆ!

ಆ ಬುಧವಾರ ಬರೆದುಕೊಂಡು ಹೋದದ್ದು: "ಕಾಸ್ಟಿಂಗ್ ಪ್ರತಿ ತಿಂಗಳು ಕೊನೆಗೇ ಯಾಕೆ ಬರುತ್ತದೆ?" ಉತ್ತರ ಸಿಕ್ಕ ಮೇಲೆ ಅದಕ್ಕೆ ಮತ್ತೆ "ಯಾಕೆ" ಅಂತ ಕೇಳುತ್ತಾ ಹೋಗುವುದು ಜಪಾನಿನ ಟೊಯೋಟಾ ಕಾರ್ಖಾನೆಗಳಿಂದ ಹೆಸರಾದ ರೂಢಿ. ಅಲ್ಲಿ ಐದು ಸಲ ಕೇಳಿ ಅನ್ನುತ್ತಾರೆ. ನನಗೆ ನಾಲ್ಕು ಸಲ ಸಾಕಾಯಿತು. ಕೊನೆಗೇ ಯಾಕೆ? ಆರ್ಡರ್ ಕೊಟ್ಟ ಮೇಲೆ ಅವರಿಗೆ ಹದಿನೈದರಿಂದ ಹದಿನೆಂಟು ದಿನ ಬೇಕು, ನಾವು ಕೊಡುವುದೇ 8ನೇ ತಾರೀಖು. 8ಕ್ಕೇ ಯಾಕೆ? ಹಿಂದಿನ ತಿಂಗಳ ಲೆಕ್ಕ ಮುಗಿದ ಮೇಲೆ ಆರ್ಡರ್ ಹಾಕುವ ರೂಢಿ. ಆ ರೂಢಿ ಯಾಕೆ? ಬಹಳ ಹಿಂದೆ ಸಾಲ ಬಿಗಿಯಾಗಿದ್ದಾಗ ಬ್ಯಾಂಕಿನ ಬ್ಯಾಲೆನ್ಸ್ ನೋಡದೆ ಏನೂ ಖರೀದಿ ಮಾಡಬಾರದು ಅಂತ ಮಾಡಿಕೊಂಡದ್ದು. ಈಗಲೂ ಯಾಕೆ? ಇಲ್ಲಿ ನನ್ನ ಪೆನ್ನು ನಿಂತಿತು. ಆ ಸಾಲ ತೀರಿತ್ತು. ರೂಢಿ ಉಳಿದಿತ್ತು.

ಫೌಂಡ್ರಿಯವರ ತಪ್ಪು ಏನೂ ಇರಲಿಲ್ಲ. ಎಂದೂ ಬದಲಾಗದ ಹತ್ತು ಐಟಂಗಳ ಆರ್ಡರನ್ನು ಹಿಂದಿನ ತಿಂಗಳ 25ಕ್ಕೇ ಕಳಿಸೋಣ ಅಂತ ಅವತ್ತು ಅರ್ಧ ಪುಟ ಬರೆದು ಮಾಲಕರಿಗೆ ಕೊಟ್ಟೆ. ಮಾಲು 12ರ ಸುಮಾರಿಗೆ ಅವರ ಲಾರಿಯಲ್ಲೇ ಬರತೊಡಗಿತು. ಟೆಂಪೋದವನು ಇವತ್ತಿಗೂ ಸಿಕ್ಕಾಗ "ಏನ್ರಿ ಸರ, ಮರ್ತೇ ಬಿಟ್ರಿ?" ಅನ್ನುತ್ತಾನೆ.

ಎಲ್ಲ ಬುಧವಾರವೂ ಇಂಥ ಮೀನು ಬಲೆಗೆ ಬೀಳುವುದಿಲ್ಲ. ಅದರ ಮುಂದಿನ ವಾರದ ಪ್ರಶ್ನೆ ಸ್ಟೋರಿನ ರ‍್ಯಾಕುಗಳ ಬಗ್ಗೆ ಇತ್ತು. ಒಂದು ತಾಸು ಕಳೆದ ಮೇಲೆ ನನಗೆ ಸಿಕ್ಕ ಉತ್ತರ: ಎರಡು ರ‍್ಯಾಕು ಕಡಿಮೆ ಇವೆ.

ಹೆಜ್ಜೆ 6: ಆ ತಾಸಿನೊಳಗೆ ಏನು ಮಾಡಬೇಕು

ಮೊದಲ ಹತ್ತು ನಿಮಿಷ ಪ್ರಶ್ನೆಯನ್ನು ಮುಟ್ಟಬೇಡಿ. ತಲೆಯಲ್ಲಿ ಗುಂಯ್‌ಗುಡುತ್ತಿರುವ ಬಾಕಿ ಕೆಲಸಗಳನ್ನೆಲ್ಲ ಒಂದು ಪುಟಕ್ಕೆ ಇಳಿಸಿ. ಒಂದು ಕೆಲಸದಿಂದ ಎದ್ದು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಅಂಟಿಕೊಂಡಿರುತ್ತದೆ ಅಂತ ಸೋಫಿ ಲೆರಾಯ್ ಎಂಬ ಸಂಶೋಧಕಿ 2009ರಲ್ಲಿ ತೋರಿಸಿದ್ದರು. ಕಡಾಯಿ ತೊಳೆಯದೆ ಅದರಲ್ಲೇ ಪಾಯಸ ಮಾಡಿದ ಹಾಗೆ. ಬರೆಯುವಾಗ ಪ್ರತಿ ಕೆಲಸದ ಮುಂದೆ ಯಾವಾಗ ಮಾಡುತ್ತೀರಿ ಅಂತಲೂ ಹಾಕಿ: "ಸಾಗಣೆ ಬಿಲ್, ಇವತ್ತು ಹನ್ನೊಂದಕ್ಕೆ." ಬಾಕಿ ಕೆಲಸ ಮುಗಿಸದಿದ್ದರೂ, ಯಾವಾಗ ಹೇಗೆ ಮಾಡುತ್ತೇನೆ ಅಂತ ಗೊತ್ತು ಮಾಡಿಕೊಂಡರೆ ಅದು ತಲೆ ತಿನ್ನುವುದು ಕಡಿಮೆ ಆಗುತ್ತದೆ ಅನ್ನುವುದು ಮ್ಯಾಸಿಕ್ಯಾಂಪೊ ಮತ್ತು ಬೌಮೈಸ್ಟರ್ 2011ರಲ್ಲಿ ಮಾಡಿದ ಅಧ್ಯಯನದಲ್ಲಿ ಕಂಡ ವಿಷಯ. ನನಗಂತೂ ಹಾಗೇ ಆಗುತ್ತದೆ.

ಆಮೇಲಿನ ಮೂವತ್ತೈದು ನಿಮಿಷ ಪ್ರಶ್ನೆಗೆ. ಕೈಯಿಂದ ಬರೆಯಿರಿ, ಚಿತ್ರ ಗೀಚಿ, ಬಾಣ ಎಳೆಯಿರಿ. ಹದಿನೈದನೇ ನಿಮಿಷದ ಹೊತ್ತಿಗೆ "ಇನ್ನೇನೂ ಇಲ್ಲ, ಹೋಗೋಣ" ಅನ್ನಿಸುತ್ತದೆ. ಹೆಚ್ಚು ಕಡಿಮೆ ಪ್ರತಿ ವಾರವೂ ಅನ್ನಿಸುತ್ತದೆ. ಏಳಬೇಡಿ. ಅಲ್ಲಿಯ ತನಕ ಬರೆದದ್ದು ನಿಮಗೆ ಮೊದಲೇ ಗೊತ್ತಿದ್ದ ಉತ್ತರ.

ಕೊನೆಯ ಹದಿನೈದು ನಿಮಿಷದಲ್ಲಿ ಒಂದು ವಾಕ್ಯ ಬರೆಯಬೇಕು: ಏನು ಮಾಡುವುದು, ಯಾರು, ಯಾವ ದಿನದೊಳಗೆ. ತೀರ್ಮಾನ ಆಗದಿದ್ದರೆ, ತೀರ್ಮಾನಕ್ಕೆ ಏನು ತಿಳಿಯಬೇಕು, ಯಾರನ್ನು ಕೇಳಬೇಕು ಅಂತ ಬರೆಯಿರಿ. ಉಳಿದ ವೇಳೆಯಲ್ಲಿ ಎದ್ದು ಒಂದು ಸುತ್ತು ಹಾಕಿ, ಬಸ್ಸು ಹಿಡಿಯಿರಿ.

ಹೆಜ್ಜೆ 7: ಫೋನ್

ಮನೆಯಲ್ಲಿ ಬಿಟ್ಟು ಬರುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದವರು 'ಡು ನಾಟ್ ಡಿಸ್ಟರ್ಬ್' ಹಾಕಿ. ಅದರ ಸೆಟ್ಟಿಂಗಿನಲ್ಲಿ ಆಯ್ದ ಒಂದಿಬ್ಬರ ಕರೆ ಮಾತ್ರ ಬರಲಿ ಅಂತ ಇಡಬಹುದು. ಮತ್ತೆ ಮತ್ತೆ ಕರೆ ಮಾಡುವವರಿಗೆ ಬಿಡುವ ಆಯ್ಕೆಯೂ ಇರುತ್ತದೆ. ಆಂಡ್ರಾಯ್ಡ್‌ನಲ್ಲಿ ಅದೇ ನಂಬರು ಹದಿನೈದು ನಿಮಿಷದೊಳಗೆ ಎರಡನೇ ಸಲ ಕರೆ ಮಾಡಿದರೆ ಗಂಟೆ ಬಾರಿಸುತ್ತದೆ, ಐಫೋನಿನಲ್ಲಿ ಮೂರು ನಿಮಿಷದೊಳಗೆ. ನಿಜವಾಗಿ ತುರ್ತು ಇದ್ದವರು ಎರಡನೇ ಸಲ ಮಾಡೇ ಮಾಡುತ್ತಾರೆ. ಮನೆಯವರಿಗೆ ಇದನ್ನು ಹೇಳಿಡಿ. ಫೋನಿನಲ್ಲೇ ನೋಟ್ಸ್ ಬರೆಯುತ್ತೇನೆ ಅನ್ನಬೇಡಿ. ನಾನೂ ಹಾಗೆ ಹೋಗಿ ಕ್ರಿಕೆಟ್ ಸ್ಕೋರ್ ನೋಡುತ್ತಾ ಕೂತವನೇ.

ಹೆಜ್ಜೆ 8: ತಪ್ಪಿದ ವಾರ

ತಪ್ಪುತ್ತದೆ. ಮಾರ್ಚ್ ಕೊನೆಯ ವಾರ ಖಂಡಿತ ತಪ್ಪುತ್ತದೆ. ಗಣಪತಿ ಕೂತ ದಿನಗಳಲ್ಲಿ ಹುಬ್ಬಳ್ಳಿಯಲ್ಲಿ ಅರ್ಧ ಜನ ಪೆಂಡಾಲಿನಲ್ಲಿ ಇರುತ್ತಾರೆ, ಉಳಿದರ್ಧ ಅವರ ಕೆಲಸವನ್ನೂ ಮಾಡುತ್ತಿರುತ್ತಾರೆ. ನನ್ನದು ಎರಡೇ ನಿಯಮ. ಬುಧವಾರ ಆಗದಿದ್ದರೆ ಅದೇ ವಾರ ಬೇರೆ ದಿನಕ್ಕೆ ಸರಿಸಬೇಕು, ಮುಂದಿನ ವಾರಕ್ಕೆ ಎರಡು ತಾಸು ಅಂತ ಸಾಲ ಬರೆಯಬಾರದು. ಅದೂ ಆಗದಿದ್ದರೆ ಇಪ್ಪತ್ತು ನಿಮಿಷ, ಪ್ರಶ್ನೆ ಮಾತ್ರ. ಒಮ್ಮೆ ದುರಸ್ತಿಗೆ ಅಂತ ಕರೆಂಟ್ ತೆಗೆದ ದಿನ ಇಡೀ ಶೆಡ್ ಸ್ತಬ್ಧ ಆದಾಗ ನನಗೆ ಆ ಇಪ್ಪತ್ತು ನಿಮಿಷ ಸಿಕ್ಕಿತ್ತು. ಲೇತಿನ ಸದ್ದು ನಿಂತರೆ ಆ ಜಾಗ ಗುಡಿಯ ಹಾಗೆ ಇರುತ್ತದೆ ಅಂತ ಗೊತ್ತಾದದ್ದೂ ಅವತ್ತೇ.

ಮೂರು ವಾರ ಸತತವಾಗಿ ತಪ್ಪಿದರೆ ನಿಮ್ಮನ್ನು ಬೈದುಕೊಳ್ಳಬೇಡಿ, ದಿನ ಬದಲಿಸಿ. ಎರಡನೇ ಹೆಜ್ಜೆಗೆ ವಾಪಸ್ ಹೋಗಿ.

ಹೆಜ್ಜೆ 9: ಮೂರು ತಿಂಗಳಿಗೊಮ್ಮೆ ಪುಟ ತಿರುವಿ

ಹದಿಮೂರು ವಾರಕ್ಕೆ ಹದಿಮೂರು ಪ್ರಶ್ನೆ ಆಗುತ್ತವೆ. ಒಂದು ಬುಧವಾರ ಹೊಸ ಪ್ರಶ್ನೆ ಬಿಟ್ಟು ಹಳೆಯ ಪುಟಗಳನ್ನು ಓದಿ. ಮುಗಿದದ್ದಕ್ಕೆ ಟಿಕ್ ಹಾಕಿ. ಬೇರೆ ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆ ಯಾವುದು ಅಂತ ಹುಡುಕಿ. ಕಳೆದ ಸಲ ನನ್ನ ಹದಿಮೂರರಲ್ಲಿ ಐದು ಮುಗಿದಿದ್ದವು, ನಾಲ್ಕು ಅರ್ಧಕ್ಕೆ ನಿಂತಿದ್ದವು, ಒಂದರ ಅಕ್ಷರ ನನಗೇ ಓದಲು ಬರಲಿಲ್ಲ. ಉಳಿದ ಮೂರು ತಿರುಗಿ ತಿರುಗಿ ಒಂದೇ ಮಾತು ಕೇಳುತ್ತಿದ್ದವು: ನಾನು ಮೂರು ದಿನ ರಜೆ ಹಾಕಿದರೆ ಡಿಸ್ಪ್ಯಾಚ್ ಯಾಕೆ ನಿಲ್ಲುತ್ತದೆ?

ಬರುವ ಬುಧವಾರದ ಪುಟದ ಮೇಲೆ ಅದನ್ನೇ ಬರೆದಿಟ್ಟಿದ್ದೇನೆ. ಸ್ಟೋರಿನ ಹುಡುಗನಿಗೂ ಈ ಸಲ ಉಣಕಲ್ ಕೆರೆಗೆ ಬಾ ಅಂದಿದ್ದೇನೆ. "ಅಲ್ಲೇನ್ ಮಾಡೂದ್ರಿ ಸರ?" ಅಂತ ಕೇಳಿದ. ಒಂದು ನೋಟ್‌ಬುಕ್ ಕೊಟ್ಟು ಕಳಿಸಿದೆ.